ಹೊತ್ತು ಮುಳುಗುವ ಮುಂಚಿನ ತುತ್ತು

ಜುಲೈ ೨೩, ಮಂಗಳವಾರ, ಮಧ್ಯಾಹ್ನ

ಈ ಡೈರಿ ತೆರೆದವರು ಯಾರೇ ಇರಲಿ, ಮೊದಲು ಮುಚ್ಚಿ. ಇನ್ನೊಬ್ಬರದ್ದು ಓದಲಿಕ್ಕೆ ನಾಚಿಕೆ ಆಗುವುದಿಲ್ಲವೋ? ಮನೆಗೆ ಪೇಪರ್ ಬರುತ್ತದೆ, ಅದನ್ನು ಓದಿ. ಟಿ.ವಿ. ಉಂಟು, ಅದನ್ನು ನೋಡಿ. ಐದನೇ ಕ್ಲಾಸು ಕಲಿತ ಮುದುಕಿ ಏನು ಗೀಚುತ್ತಾಳೆ ಅಂತ ಇಣುಕುವವರ ಕಣ್ಣಿಗೆ ಮೆಣಸಿನ ಹುಡಿ ಬೀಳಲಿ. ಸುರಕ್ಷಾ, ನೀನೇ ಆಗಿದ್ದರೆ — ಒಲೆಯ ಮೇಲೆ ಹಾಲು ಇಟ್ಟಿದ್ದೀಯ, ಹೋಗಿ ನೋಡು.

ಚಾತುರ್ಮಾಸ ಮೊನ್ನೆ ಶುರುವಾಯಿತು. ಬಸದಿಯಲ್ಲಿ ಮಾತಾಜಿ ಹೇಳಿದ್ದಾರೆ, ದಿನಕ್ಕೊಂದು ರುಚಿ ಬಿಡಿ, ಬಿಟ್ಟದ್ದನ್ನು ಬರೆದಿಡಿ, ಮನಸ್ಸು ಹತೋಟಿಗೆ ಬರುತ್ತದೆ ಅಂತ. ಸೊಸೈಟಿಯವರು ಕೊಟ್ಟ ಡೈರಿ ಖಾಲಿ ಬಿದ್ದಿತ್ತು. ಇಂದು ಬೆಲ್ಲ ಬಿಟ್ಟೆ. ಸುಲಭ. ನನಗೆ ಬೆಲ್ಲ ಮೊದಲೇ ಸೇರುವುದಿಲ್ಲ.

ನಮ್ಮ ಮನೆಯಲ್ಲಿ ರಾತ್ರಿ ಊಟ ಇಲ್ಲ. ಹೊತ್ತು ಮುಳುಗುವ ಮೊದಲು ಉಂಡು, ತಟ್ಟೆ ತೊಳೆದು, ಅಡುಗೆ ಮನೆ ಮುಚ್ಚಬೇಕು. ನಾನು ಪುತ್ತಿಗೆಯ ಈ ಮನೆಗೆ ಸೊಸೆಯಾಗಿ ಬಂದ ಲಾಗಾಯ್ತು ಹಾಗೆಯೇ. ಮಳೆಗಾಲದಲ್ಲಿ ಸೂರ್ಯ ಎಲ್ಲಿ ಕಾಣುತ್ತಾನೆ? ಗೋಡೆಯ ಕ್ಯಾಲೆಂಡರಿನಲ್ಲಿ ಸೂರ್ಯಾಸ್ತ ನೋಡಿ ನಡೆಯುವುದು.

ಎಲ್ಲ ಸರಿ ನಡೆಯುತ್ತದೆ, ಮೊಮ್ಮಗಳ ಊಟ ಒಂದು ಬಿಟ್ಟು. ತ್ರಿಶಾ. ಮೂರೂವರೆ ವರ್ಷ. ಒಂದು ದೋಸೆಗೆ ಒಂದು ಗಂಟೆ. ಅಗಿಯುತ್ತಾಳೆ, ಅಗಿಯುತ್ತಾಳೆ, ನುಂಗುವುದಿಲ್ಲ. ಕುತ್ತಿಗೆ ಹಿಂದಕ್ಕೆ ಹಾಕಿ ತಲೆಯ ಮೇಲಿನ ಮಾಡು ನೋಡುತ್ತಾ ಕೂರುತ್ತಾಳೆ, ಮಾಡಿನಲ್ಲಿ ಏನೋ ಬರೆದಿಟ್ಟ ಹಾಗೆ. "ಸರಿ ಕೂತ್ಕೊ ಮಗಾ" ಅಂತ ಕುತ್ತಿಗೆ ಹಿಡಿದು ಮುಂದಕ್ಕೆ ಬಗ್ಗಿಸುತ್ತೇನೆ. ಕೈ ಬಿಟ್ಟರೆ ಮತ್ತೆ ಹಿಂದಕ್ಕೆ. ಉಸಿರು ಬೇರೆ ಗೊರ ಗೊರ. ಹುಟ್ಟಿದಾಗಿನಿಂದ ಹಾಗೆ. ಕಫ ಅಂತ ಎಲ್ಲರೂ ಹೇಳಿದರು. ಔಷಧದ ಹೊಗೆ ಎಳೆಯುವ ಮೆಷಿನ್ ಕೂಡ ತಂದಾಯಿತು.

ಅಪ್ಪ ಮಸ್ಕತ್ತಿನಲ್ಲಿ. ಅಮ್ಮನ ಮುದ್ದು ಜಾಸ್ತಿ. ಅದೇ ಕಾಯಿಲೆ.

ಜುಲೈ ೨೬, ಶುಕ್ರವಾರ

ಇಂದು ಮೊಸರು ಬಿಟ್ಟೆ.

ನಿನ್ನೆ ದೀಪ ಹಚ್ಚಿ ಎಷ್ಟೋ ಹೊತ್ತಾದ ಮೇಲೆ ಸೊಸೆಯ ರೂಮಿನಿಂದ ಚಮಚದ ಸದ್ದು. ಬಾಗಿಲು ದೂಡಿದೆ. ಸುರಕ್ಷಾ ಮಂಚದ ಮೇಲೆ ಕೂತು ಅನ್ನವನ್ನು ಹಾಲಿನಲ್ಲಿ ಗಂಜಿಯ ಹಾಗೆ ಹಿಸುಕಿ ತಿನ್ನಿಸುತ್ತಿದ್ದಾಳೆ.

"ಇದೆಂತ?"

"ಹಸಿವಾಗ್ತದಂತೆ ಅತ್ತೆ. ಸಂಜೆ ಅರ್ಧವೂ ತಿನ್ಲಿಲ್ಲ, ನೀವು ತಟ್ಟೆ ತೆಗೆದ್ರಿ."

"ಹಸಿದ್ರೆ ಬೆಳಗ್ಗೆ ಬೇಗ ತಿಂತಾಳೆ. ನಿಮ್ಮ ವೇಣೂರಲ್ಲಿ ರಾತ್ರಿ ಅಡುಗೆ ಮನೆ ತೆರೆದಿಡುವ ಕ್ರಮ ಉಂಟೋ ಏನೋ. ಇಲ್ಲಿ ಇಲ್ಲ."

"ಅವಳಿಗೆ ಗಟ್ಟಿ ಇಳಿಯುದಿಲ್ಲ ಅತ್ತೆ. ಒಮ್ಮೆ ಮಂಗಳೂರಲ್ಲಿ ತೋರಿಸುವ."

"ತೋರಿಸು, ತೋರಿಸು. ತಿನ್ಲಿಕ್ಕೆ ಉದಾಸೀನ ಆಗುವುದಕ್ಕೆ ಇಂಜೆಕ್ಷನ್ ಉಂಟಾ ಅಂತ ಕೇಳಿಕೊಂಡು ಬಾ. ನಾನೂ ಬರ್ತೇನೆ, ನಿನಗೂ ಒಂದು ಕೊಡಿಸುವ."

ಮಗು ಚಮಚದ ಮೇಲಿನಿಂದ ನನ್ನನ್ನೇ ನೋಡಿತು.

ಇಂದು ಬಸದಿಯಲ್ಲಿ ಪೂಜೆ ಮುಗಿದು ಹೆಂಗಸರೆಲ್ಲ ಕೂತಾಗ ಹೇಳಿಯೇ ಬಿಟ್ಟೆ. ನನ್ನ ಸೊಸೆ ಚಾತುರ್ಮಾಸದಲ್ಲಿ ಕದ್ದು ರಾತ್ರಿ ಉಣ್ಣಿಸುತ್ತಾಳೆ ಅಂತ. ಆಚೆ ಮನೆಯ ಕುಸುಮ "ಅಯ್ಯೋ ಅನಂತಮತಿಯಕ್ಕ, ನಿಮ್ಮ ಮನೆಯಲ್ಲಾ?" ಅಂತ ಬಾಯಿಗೆ ಕೈ ಇಟ್ಟಳು. ಸುರಕ್ಷಾ ಕಂಬದ ಹಿಂದೆ ಮಗುವಿಗೆ ಚಪ್ಪಲಿ ಹಾಕುತ್ತಿದ್ದಳು. ಕೇಳಿರಬೇಕು. ಕೇಳಲಿ ಅಂತಲೇ ಹೇಳಿದ್ದು.

ಆಗಸ್ಟ್ ೧, ಗುರುವಾರ

ಸಂಜೆ ತ್ರಿಶಾಳ ಗಂಟಲಿನಲ್ಲಿ ಅಕ್ಕಿ ಪುಂಡಿ ಸಿಕ್ಕಿಕೊಂಡಿತು. ಮುಖ ನೀಲಿ ಆಯಿತು. ಮಡಿಲಲ್ಲಿ ಬೋರಲು ಹಾಕಿ ಬೆನ್ನಿಗೆ ಗುದ್ದಿದೆ. ತುಂಡು ಹೊರಗೆ ಬಿತ್ತು. ಉಸ್ಮಾನನ ರಿಕ್ಷಾದಲ್ಲಿ ಮೂಡಬಿದಿರೆಗೆ. ಆಕ್ಸಿಜನ್ ಕೊಟ್ಟಿದ್ದಾರೆ. ಜೀವಕ್ಕೆ ತೊಂದರೆ ಇಲ್ಲವಂತೆ. ಸುರಕ್ಷಾ ಅಲ್ಲೇ ಇದ್ದಾಳೆ. ನನ್ನನ್ನು ಉಸ್ಮಾನ್ ಮನೆಗೆ ಬಿಟ್ಟ.

ಇಂದು ಏನನ್ನೂ ಬಿಡಲಿಲ್ಲ.

ಆಗಸ್ಟ್ ೩, ಶನಿವಾರ

ಮೊನ್ನೆ ಬರೆದದ್ದು ಸರಿ ಇಲ್ಲ. ಪುಂಡಿ ಸಿಕ್ಕಿಕೊಂಡಿತು ಅಂತ ಬರೆದೆ. ಅಕ್ಕಿಯ ಉಂಡೆಗೆ ಕೈಕಾಲು ಉಂಟೋ, ತಾನಾಗಿ ನಡೆದುಕೊಂಡು ಹೋಗಿ ಗಂಟಲಲ್ಲಿ ಕೂರಲಿಕ್ಕೆ? ಓದುವವರು ಯಾರೂ ಇಲ್ಲದ ಡೈರಿಯಲ್ಲಿ ಕೂಡ ಸುಳ್ಳು. ನಾಲಿಗೆ ಮಾತ್ರ ಉದ್ದ ಅಂದುಕೊಂಡಿದ್ದೆ, ಪೆನ್ನೂ ಹಾಗೇ.

ಅಂದು ಮಧ್ಯಾಹ್ನದಿಂದಲೇ ಮೋಡ. ಸುರಕ್ಷಾ ಪುಂಡಿಯನ್ನು ಬೆರಳಲ್ಲಿ ಹುಡಿ ಮಾಡಿ, ಹೆಸರುಕಾಳಿನ ಗಸಿಯಲ್ಲಿ ಅದ್ದಿ ಅದ್ದಿ ಕೊಡುತ್ತಿದ್ದಳು. ಮಳೆ ಹನಿಯಿತು. ಬಟ್ಟೆ ಟೆರೇಸಿನಲ್ಲಿ. "ಅತ್ತೆ, ಒಮ್ಮೆ ನೋಡಿಕೊಳ್ಳಿ, ಈಗ ಬಂದೆ" ಅಂತ ಮೇಲೆ ಓಡಿದಳು.

ಕ್ಯಾಲೆಂಡರ್ ನೋಡಿದೆ. ಗಡಿಯಾರ ನೋಡಿದೆ. ಹೊತ್ತು ಮುಳುಗಲಿಕ್ಕೆ ಆಯಿತು. ತಟ್ಟೆಯಲ್ಲಿ ಇನ್ನೂ ಒಂದೂವರೆ ಪುಂಡಿ. ಅಮ್ಮ ಒಂದು ಗಂಟೆಯಲ್ಲಿ ಮಾಡದ್ದನ್ನು ನಾನು ಅವಳು ಕೆಳಗಿಳಿಯುವುದರೊಳಗೆ ಮಾಡಿ ತೋರಿಸುವ — ಹೌದು, ಮನಸ್ಸಿಗೆ ಬಂದದ್ದು ಅದೇ. ನಿಯಮ ಆಮೇಲೆ ನೆನಪಾದದ್ದು.

ಅರ್ಧ ಪುಂಡಿ ಹಾಗೇ ಬಾಯಿಗೆ ಇಟ್ಟೆ. ತಲೆ ಹಿಂದಕ್ಕೆ ಹಾಕಿದಳು. ಕುತ್ತಿಗೆ ಹಿಡಿದು ಮುಂದಕ್ಕೆ ಬಗ್ಗಿಸಿದೆ. "ನುಂಗು" ಅಂದೆ. ಬೇಡ ಅಂತ ಕೈ ಆಡಿಸಿದಳು. ಇನ್ನೊಂದು ತುಂಡನ್ನು ಬೆರಳಿನಿಂದ ಒಳಗೆ ದೂಡಿದೆ. ಗೊರ ಗೊರ ನಿಂತಿತು. ಆ ಸದ್ದು ಈ ಮನೆಯಲ್ಲಿ ಮೂರೂವರೆ ವರ್ಷದಿಂದ ನಿಂತದ್ದೇ ಇಲ್ಲ. ನಿಂತಾಗ ನನಗೆ ಮೊದಲು ಅನಿಸಿದ್ದು ಏನು ಗೊತ್ತುಂಟೋ? ಅಬ್ಬ, ನುಂಗಿದಳು ಅಂತ.

ಆಮೇಲೆ ಮುಖ ನೋಡಿದೆ.

ಸುರಕ್ಷಾ ಇಳಿದು ಬರುವಾಗ ತುಂಡು ಹೊರಗೆ ಬಿದ್ದಿತ್ತು, ಮಗು ನನ್ನ ಮಡಿಲಲ್ಲಿತ್ತು. ಒದ್ದೆ ಬಟ್ಟೆ ಅಲ್ಲೇ ಚೆಲ್ಲಿ ಕಿತ್ತುಕೊಂಡಳು. ಏನಾಯಿತು ಅಂತ ಕೇಳಿದಳು. "ಸಿಕ್ಕಿಕೊಂಡಿತು" ಅಂದೆ. ಅದೇ ಶಬ್ದ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು, "ಇಷ್ಟು ಸಣ್ಣ ಮಗುವಿಗೆ ಅಷ್ಟು ದೊಡ್ಡ ತುಂಡು ಯಾರಮ್ಮಾ ಕೊಟ್ಟದ್ದು?" ಕೇಳುವಾಗ ನೋಡಿದ್ದು ಸುರಕ್ಷಾಳನ್ನು. ತಾಯಿಯಲ್ಲವೋ. ಸುರಕ್ಷಾ ನನ್ನನ್ನು ನೋಡಿದಳು. ನಾನು ತೂಕದ ಮೆಷಿನ್ ನೋಡಿದೆ. "ಇನ್ನು ಜಾಗ್ರತೆ ಮಾಡಿ. ಓದಿದವರಲ್ವಾ ನೀವು?" ಅಂತ ಅವಳಿಗೆ ಬೈದರು. ಅವಳು ತಲೆ ಆಡಿಸಿದಳು. ಬಸದಿಯಲ್ಲಿ ಹತ್ತು ಜನರ ಎದುರು ಅಷ್ಟು ದೊಡ್ಡದಾಗಿ ತೆರೆದ ನನ್ನ ಬಾಯಿ ಅಲ್ಲಿ ತೆರೆಯಲಿಲ್ಲ.

ಅಂಕಿತ್ ಮಸ್ಕತ್ತಿನಿಂದ ವಿಡಿಯೋ ಕಾಲ್ ಮಾಡಿದ. ಹೆಂಡತಿಗೆ, "ಬಟ್ಟೆ ಒದ್ದೆ ಆದ್ರೆ ಆಗ್ಲಿ, ಮಗು ಮುಖ್ಯವಾ ಬಟ್ಟೆ ಮುಖ್ಯವಾ?" ನನಗೆ, "ಅಮ್ಮ, ನೀವು ಇದ್ದದ್ದಕ್ಕೆ ಮಗು ಉಳಿಯಿತು." ಉಸ್ಮಾನ್ ರಿಕ್ಷಾ ಸ್ಟ್ಯಾಂಡ್ ಇಡೀ ಹೇಳಿಕೊಂಡು ಬಂದಿದ್ದಾನೆ. "ಎಂತ ಅಜ್ಜಿ ಮಾರಾಯ! ಒಂದು ಗುದ್ದು, ತುಂಡು ಹೊರಗೆ!" ಇಂದು ಹಾಲಿನ ಡಿಪೋದಲ್ಲಿ ಕೂಡ ಹೊಗಳಿದರು.

ಹೊಗಳುವಾಗ ಸೀರೆ ಸರಿ ಮಾಡಿಕೊಂಡೆ. ಅದನ್ನೂ ಬರೆಯುತ್ತೇನೆ.

ಆಗಸ್ಟ್ ೯, ಶುಕ್ರವಾರ

ಮಂಗಳೂರು. ಮೂಡಬಿದಿರೆಯ ಡಾಕ್ಟರೇ ಕಳಿಸಿದ್ದು. ಇಷ್ಟು ವರ್ಷದ ಗೊರ ಗೊರ ಬರೀ ಕಫ ಇರಲಿಕ್ಕಿಲ್ಲ ಅಂತ. ಮೊನ್ನೆ ಸುಣ್ಣದ ನೀರಿನಂಥದ್ದು ಕುಡಿಸಿ ಎಕ್ಸರೇ, ನಿನ್ನೆ ಸೂಜಿಯಲ್ಲಿ ಔಷಧ ಹಾಕಿ ಸ್ಕ್ಯಾನಿಂಗ್. ಇಂದು ಮಕ್ಕಳ ಹೃದಯದ ಡಾಕ್ಟರು ಕರೆದರು. ಸಣ್ಣ ಪ್ರಾಯದ ಹುಡುಗಿ. ನನ್ನ ಕೈಯಲ್ಲಿದ್ದ ಕೊಡೆ ತೆಗೆದುಕೊಂಡು ಅದರ ಹಿಡಿ ತೋರಿಸಿದರು.

"ಅಜ್ಜಿ, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಹೀಗೆ ಮೇಲೆ ಹೋಗಿ, ಬಾಗಿ, ಕೆಳಗೆ ಇಳಿಯುತ್ತದೆ. ಎಲ್ಲರಿಗೂ ಬಾಗುವುದು ಒಂದೇ, ಎಡಗಡೆಗೆ. ಇವಳಿಗೆ ಎರಡು ಉಂಟು. ಒಂದು ಎಡಕ್ಕೆ, ಒಂದು ಬಲಕ್ಕೆ. ಹಿಂದೆ ಹೋಗಿ ಎರಡೂ ಸೇರುತ್ತವೆ. ನಡುವೆ ಉಸಿರಿನ ಕೊಳವೆ, ಅನ್ನದ ಕೊಳವೆ, ಎರಡೂ ಸಿಕ್ಕಿ ಬಿದ್ದಿವೆ. ಸಣ್ಣದಾದ ಬಳೆಯೊಳಗೆ ಕೈ ಸಿಕ್ಕಿದ ಹಾಗೆ. ಬಹಳ ಅಪರೂಪ."

ನನ್ನ ಬಾಯಿ ಸುಮ್ಮನಿರುತ್ತದೋ? "ನಮ್ಮ ಕಡೆ ಯಾರಿಗೂ ಹೀಗೆ ಇಲ್ಲ" ಅಂದೆ.

"ಯಾರ ಕಡೆಯದ್ದೂ ಅಲ್ಲ ಅಜ್ಜಿ. ತಾಯಿಯ ಹೊಟ್ಟೆಯಲ್ಲಿ ಮೊದಲಿಗೆ ಎಲ್ಲರಿಗೂ ಎರಡು ಇರ್ತದೆ. ನಿಮಗೂ ಇತ್ತು. ಒಂದು ಕರಗಿ ಹೋಗ್ತದೆ. ಇವಳದ್ದು ಹೋಗ್ಲಿಲ್ಲ, ಅಷ್ಟೆ."

ಸುರಕ್ಷಾ ಕೇಳಿದಳು, "ಇವಳು ಉಣ್ಣುವಾಗ ಕುತ್ತಿಗೆ ಹಿಂದಕ್ಕೆ ಹಾಕ್ತಾಳೆ ಮೇಡಂ. ಮಲಗುವಾಗಲೂ."

"ಹಾಗೆ ಮಾಡಿದ್ರೆ ಗಾಳಿಗೆ ಸ್ವಲ್ಪ ದಾರಿ ಸಿಗ್ತದೆ. ಯಾರೂ ಹೇಳಿಕೊಟ್ಟದ್ದಲ್ಲ, ಮಗುವೇ ಕಂಡುಕೊಂಡದ್ದು. ಮುಂದಕ್ಕೆ ಬಗ್ಗಿಸಿದ್ರೆ ಕಷ್ಟ. ಗಟ್ಟಿ ಪದಾರ್ಥ ಸದ್ಯಕ್ಕೆ ಬೇಡ. ಮೆತ್ತಗೆ ಮಾಡಿ, ಸ್ವಲ್ಪ ಸ್ವಲ್ಪ, ನಿಧಾನ ತಿನ್ನಿಸಿ."

ಸುರಕ್ಷಾ ಮಾಡುತ್ತಿದ್ದದ್ದು ಅದೇ. ನಾನು ಉದಾಸೀನ ಅಂದದ್ದು ಅದಕ್ಕೇ. ದಿನಕ್ಕೆ ಮೂರು ಹೊತ್ತು ಆ ಮಗು ಉಸಿರಿಗೆ ದಾರಿ ಮಾಡಿಕೊಂಡಿತು. ಮೂರು ಹೊತ್ತೂ ನಾನು ಮುಚ್ಚಿದೆ. ಬಲಗೈಯನ್ನು ಸೆರಗಿನ ಅಡಿಯಲ್ಲಿ ಇಟ್ಟುಕೊಂಡೆ.

ಆಪರೇಷನ್ ಆಗಬೇಕು. ಎರಡರಲ್ಲಿ ಸಣ್ಣದನ್ನು ಕತ್ತರಿಸುತ್ತಾರಂತೆ. ಕಡೆಗೆ ಡಾಕ್ಟರು, "ಅಂದು ಗಂಟಲಲ್ಲಿ ಸಿಕ್ಕಿದ್ದೇ ಒಳ್ಳೆದಾಯ್ತು ನೋಡಿ, ಇಲ್ಲದಿದ್ರೆ ಗೊತ್ತಾಗ್ಲಿಕ್ಕೆ ಇನ್ನೆಷ್ಟು ಸಮಯವೋ" ಅಂದರು.

ಒಳ್ಳೆಯದಾಯಿತಂತೆ. ಬರುವಾಗ ದಾರಿ ಇಡೀ ಅದನ್ನೇ ಹಿಡಿದುಕೊಂಡು ಬಂದೆ. ಮನೆ ಮುಟ್ಟುವಾಗ ಅದೂ ಕೈಯಲ್ಲಿ ನಿಲ್ಲಲಿಲ್ಲ. ಒಳ್ಳೆಯದು ಆಗಲಿ ಅಂತ ದೂಡಿದ್ದೇನೋ ನಾನು?

ಆಗಸ್ಟ್ ೨೦, ಮಂಗಳವಾರ

ಎಷ್ಟೋ ದಿನ ಬರೆಯಲಿಲ್ಲ. ಉಪ್ಪು ಬಿಟ್ಟೆ, ತುಪ್ಪ ಬಿಟ್ಟೆ, ಒಂದು ದಿನ ಉಪವಾಸ. ಯಾವುದೂ ಎಲ್ಲಿಗೂ ತಾಗಲಿಲ್ಲ.

ಸುರಕ್ಷಾ ಎಂದಿನ ಹಾಗೆ. "ಅತ್ತೆ, ಕಾಫಿ." "ಅತ್ತೆ, ಬಿಪಿ ಮಾತ್ರೆ." ಅವಳು ಬೈದಿದ್ದರೆ ನಾನೂ ಎರಡು ಬೈದು ಹಗುರ ಆಗುತ್ತಿದ್ದೆ.

ಇಂದು ಬಸದಿಗೆ ಹೋಗಿ ಮಾತಾಜಿಯವರ ಎದುರು ಕೂತೆ. ಮಗುವಿಗೆ ಹೊತ್ತಿನೊಳಗೆ ಉಣ್ಣಿಸಲಿಕ್ಕೆ ಅವಸರ ಮಾಡಿದೆ, ತಪ್ಪಾಯಿತು, ಪ್ರಾಯಶ್ಚಿತ್ತ ಹೇಳಿ ಅಂದೆ.

"ಮಗುವಿಗೆ ಎಷ್ಟು ಪ್ರಾಯ?"

"ಮೂರೂವರೆ."

"ಮೂರೂವರೆ ವರ್ಷದ ಮಗುವಿಗೆ ನಿಯಮ ಕೊಟ್ಟದ್ದು ಯಾರು? ನಾನು ಕೊಟ್ಟೆನೋ?"

"ಇಲ್ಲ ಮಾತಾಜಿ. ನಮ್ಮ ಮನೆಯಲ್ಲಿ ಮೊದಲಿನಿಂದ…"

"ನಿಯಮ ತಾನಾಗಿ ತೆಗೆದುಕೊಳ್ಳುವುದು. ಇನ್ನೊಬ್ಬರ ಬಾಯಿಗೆ ಹಾಕುವುದಲ್ಲ. ಮಗುವಿಗೂ ಇಲ್ಲ, ಕಾಯಿಲೆಯವರಿಗೂ ಇಲ್ಲ. ಇನ್ನೇನಾದರೂ ಹೇಳಲಿಕ್ಕೆ ಉಂಟೋ?"

ಇತ್ತು. ಬಾಯಿಗೆ ಬಂತು, ಮತ್ತೆ ಒಳಗೆ ಹೋಯಿತು. ಅವರು ಕಾದರು. ಆಮೇಲೆ, "ಯಾರಿಗೆ ಹೇಳಬೇಕೋ ಅವರಿಗೆ ಹೇಳಿ ಬನ್ನಿ. ನನಗೆ ಹೇಳಿದರೆ ನಿಮಗೆ ಸುಲಭ ಆಗುತ್ತದೆ, ಅಷ್ಟೆ" ಅಂದರು.

ಹೊರಗೆ ಕುಸುಮ ಹಿಡಿದುಕೊಂಡಳು. "ಅಕ್ಕ, ನಿಮ್ಮ ಸೊಸೆಗೆ ಇನ್ನಾದ್ರೂ ಬುದ್ಧಿ ಬಂತಾ?"

"ಬುದ್ಧಿ ಅವಳಿಗೆ ಮೊದಲೇ ಇತ್ತು. ರಾತ್ರಿ ಉಣ್ಣಿಸಿದ್ದು ಸರಿಯೇ. ನನ್ನ ಮಾತು ತಪ್ಪು. ಅಂದು ಕೇಳಿದವರಿಗೆಲ್ಲ ಇದನ್ನೂ ಹೇಳು. ನಿನಗೆ ಹೇಳಿದ್ರೆ ಮೈಕ್ ಕಟ್ಟುವ ಖರ್ಚು ಇಲ್ಲ" ಅಂದೆ.

ಪುಂಡಿಯ ವಿಷಯ ಹೇಳಲಿಲ್ಲ. ಅರ್ಧ ತಪ್ಪು ಒಪ್ಪಿಕೊಂಡು ಮನೆಗೆ ಬಂದೆ.

ಆಗಸ್ಟ್ ೨೮, ಬುಧವಾರ, ಸಂಜೆ, ಆಸ್ಪತ್ರೆ

ಬೆಳಗ್ಗೆ ಎಂಟಕ್ಕೆ ತ್ರಿಶಾಳನ್ನು ಒಳಗೆ ಕರೆದುಕೊಂಡು ಹೋದರು. ಹಸಿರು ಅಂಗಿ, ಕಾಲಿನವರೆಗೆ. ಡಾಕ್ಟರ ಕೈ ಹಿಡಿದು ನಡೆದೇ ಹೋದಳು. ತಿರುಗಿ ಅಮ್ಮನಿಗೆ ಟಾಟಾ ಮಾಡಿದಳು. ನನಗೂ ಮಾಡಿದಳು. ಅದನ್ನು ತಡೆದುಕೊಳ್ಳಲಿಕ್ಕೆ ಆಗಲಿಲ್ಲ.

ಅಂಕಿತ್ ರಜೆ ಮಾಡಿ ಬಂದಿದ್ದಾನೆ. ರಕ್ತಕ್ಕೆ ಏನೋ ಸೈನ್ ಹಾಕಬೇಕು ಅಂತ ಕೆಳಗೆ ಹೋದ. ಬೆಂಚಿನಲ್ಲಿ ನಾವಿಬ್ಬರೇ. ಸುರಕ್ಷಾ ಮಗುವಿನ ಫ್ರಾಕು ಮಡಚುತ್ತಿದ್ದಳು. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚುತ್ತಿದ್ದಳು.

"ಸುರಕ್ಷಾ. ಅಂದು ಪುಂಡಿ ನಾನು ತುರುಕಿದ್ದು."

"ಗೊತ್ತುಂಟು ಅತ್ತೆ."

"ಎಂತ ಗೊತ್ತುಂಟು?"

"ಅವಳೇ ಹೇಳಿದ್ದಾಳೆ. ಮೂಗಿಗೆ ಆಕ್ಸಿಜನ್ ಇರುವಾಗಲೇ. 'ಅಜ್ಜಿ ಬೆರಳು ಹಾಕಿ ದೂಡಿದ್ದು' ಅಂತ."

ಕಾರಿಡಾರಿನಲ್ಲಿ ಯಾರೋ ಟ್ರಾಲಿ ತಳ್ಳಿಕೊಂಡು ಹೋದರು.

"ಮತ್ತೆ ಯಾಕೆ ಹೇಳ್ಲಿಲ್ಲ? ಡಾಕ್ಟರ ಹತ್ತಿರ ಬೈಸಿಕೊಂಡೆ. ಅಂಕಿತ್ ಹತ್ತಿರ ಬೈಸಿಕೊಂಡೆ. ಬಾಯಿ ಇರ್ಲಿಲ್ವಾ ನಿನಗೆ?"

ನೋಡಿ, ಅಲ್ಲಿಯೂ ನಾನು ಬೈದದ್ದು.

"ನೀವು ಹೇಳ್ತೀರಿ ಅಂತ ಕಾದೆ" ಅಂದಳು. ಫ್ರಾಕು ಬ್ಯಾಗಿಗೆ ಹಾಕಿ ಜಿಪ್ ಎಳೆದಳು. "ತುಂಬ ದಿನ ಕಾದೆ ಅತ್ತೆ."

ಅಷ್ಟೇ. ಆಮೇಲೆ ಅಂಕಿತ್ ಬಂದ. ಮಧ್ಯಾಹ್ನ ಸರ್ಜನ್ ಹೊರಗೆ ಬಂದು ಎಲ್ಲ ಸರಿ ಆಯಿತು, ಬಿಗಿ ಬಿಡಿಸಿದ್ದೇವೆ, ಗೊರ ಗೊರ ಪೂರ್ತಿ ಹೋಗಲಿಕ್ಕೆ ಸಮಯ ಬೇಕು, ಹೆದರಬೇಡಿ ಅಂದರು. ಅಂಕಿತ್ ಅತ್ತ. ಸುರಕ್ಷಾ ಅಳಲಿಲ್ಲ. ಗೋಡೆಗೆ ಒರಗಿ ಕಣ್ಣು ಮುಚ್ಚಿದಳು.

ಆಗಸ್ಟ್ ೩೦, ಶುಕ್ರವಾರ

ಅಂಕಿತ್‌ಗೆ ನಾನೇ ಹೇಳಿದೆ. ಕ್ಯಾಂಟೀನಿನಲ್ಲಿ, ಚಹಾ ಎದುರು ಇಟ್ಟುಕೊಂಡು. ಮಧ್ಯದಲ್ಲಿ "ಇರ್ಲಿ ಅಮ್ಮ, ಈಗ ಯಾಕೆ?" ಅಂದ. "ಪೂರ್ತಿ ಕೇಳು" ಅಂದೆ. ಬೆರಳಿನ ವಿಷಯದವರೆಗೆ ಹೇಳಿದೆ. ತೂಕದ ಮೆಷಿನ್ ನೋಡಿದ್ದನ್ನೂ ಹೇಳಿದೆ.

"ನಾನು ಅವಳಿಗೆ ಏನೆಲ್ಲ ಹೇಳಿದೆ ಗೊತ್ತುಂಟಾ ನಿಮಗೆ?" ಅಂತ ಕೇಳಿದ. ಗೊತ್ತುಂಟು. 'ನೀವು ಇದ್ದದ್ದಕ್ಕೆ ಉಳಿಯಿತು' ಅಂತ ನನಗೆ ಹೇಳಿದ್ದೂ ಗೊತ್ತುಂಟು. ಎದ್ದು ಹೋದ. ಚಹಾ ಹಾಗೇ ಇತ್ತು. ಮೇಲೆ ಹೋಗಿ ನೋಡಿದರೆ ಹೆಂಡತಿಯ ಪಕ್ಕದಲ್ಲಿ ನೆಲಕ್ಕೆ ಕೂತಿದ್ದಾನೆ. ನಾನು ಬಾಗಿಲಿನಿಂದಲೇ ತಿರುಗಿದೆ.

ಸೆಪ್ಟೆಂಬರ್ ೧೮, ಬುಧವಾರ

ಸುರಕ್ಷಾ, ಮಗು ಇಬ್ಬರೂ ಆಸ್ಪತ್ರೆಯಿಂದ ನೇರ ವೇಣೂರಿಗೆ ಹೋದರು. "ಸ್ವಲ್ಪ ದಿನ ಅಮ್ಮನ ಹತ್ತಿರ ಇರ್ತೇನೆ ಅತ್ತೆ" ಅಂದಳು. ಎಷ್ಟು ದಿನ ಅಂತ ಕೇಳುವ ಧೈರ್ಯ ಆಗಲಿಲ್ಲ. ಅಂಕಿತ್ ಮಸ್ಕತ್ತಿಗೆ ಹೋದ. ಮನೆಯಲ್ಲಿ ಆ ಸದ್ದು ಇಲ್ಲ. ನಿಶ್ಶಬ್ದ ಆದಾಗೆಲ್ಲ ಎದ್ದು ರೂಮಿಗೆ ಹೋಗಿ ನೋಡುತ್ತೇನೆ. ಮಂಚ.

ಇಂದು ಕ್ಷಮೆ ಕೇಳುವ ದಿನ. ದಶಲಕ್ಷಣ ಪರ್ವ ಮುಗಿದ ಮೇಲೆ ವರ್ಷಕ್ಕೊಮ್ಮೆ ಎಲ್ಲರೂ ಎಲ್ಲರ ಹತ್ತಿರ ಕೇಳುವ ಕ್ರಮ. ಬೆಳಗ್ಗಿನಿಂದ ಮೊಬೈಲ್ ಟಣ್ ಟಣ್. ಕೈ ಮುಗಿದ ಚಿತ್ರ, ತಾವರೆ. ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸಿ. ನಾನೂ ಇಪ್ಪತ್ತು ಜನಕ್ಕೆ ಕಳಿಸಿದೆ. ಅದೇ ಕೈಯಲ್ಲಿ ಸುರಕ್ಷಾಳಿಗೂ ಹೋಯಿತು. ನೀಲಿ ಗೆರೆ ಬಂತು. ಓದಿದ್ದಾಳೆ. ಉತ್ತರ ಇಲ್ಲ.

ಏನು ಉತ್ತರ ಕೊಡುತ್ತಾಳೆ ಪಾಪ? ಕುಸುಮ ಕಳಿಸಿದ ತಾವರೆ ಅದು. ತಿಳಿಯದೆ ಅಂತ ಬೇರೆ ಉಂಟು ಅದರಲ್ಲಿ. ಮಗುವಿನ ಉಸಿರು ಕಟ್ಟಿಸಿ ಚಿತ್ರ ಕಳಿಸಿದ ಅಜ್ಜಿ ಈ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಸೆಪ್ಟೆಂಬರ್ ೨೪, ಮಂಗಳವಾರ, ಬೆಳಗ್ಗೆ

ವಾಯ್ಸ್ ಮೆಸೇಜ್ ಕಳಿಸುತ್ತೇನೆ. ಮೈಕಿನ ಗುರ್ತು ಒತ್ತಿ ಹಿಡಿದರೆ ಆಯಿತು. ಮೊನ್ನೆ ಮೂರು ಸಲ ಒತ್ತಿದೆ, ಮೂರು ಸಲವೂ ಬೈಗುಳವೇ ಬಂತು, ಅಳಿಸಿದೆ. ಆದ್ದರಿಂದ ಮೊದಲು ಇಲ್ಲಿ ಬರೆದು, ನೋಡಿ ಓದುವುದು.

ಸುರಕ್ಷಾ, ನಾನು. ಅತ್ತೆ.

ಆ ತಾವರೆಯನ್ನು ಡಿಲೀಟ್ ಮಾಡು. ಅದು ನನ್ನ ಮಾತಲ್ಲ.

ಮಗು ಈಗ ಹೇಗೆ ಉಣ್ಣುತ್ತಾಳೆ? ಮೊನ್ನೆ ದೋಸೆ ಅರ್ಧ ಗಂಟೆಯಲ್ಲಿ ತಿಂದಳಂತೆ, ಅಂಕಿತ್ ಹೇಳಿದ. ನೀನು ಹೇಳಲಿಲ್ಲ. ಹೇಳಬೇಕು ಅಂತ ಇಲ್ಲ.

ಇಲ್ಲಿಗೆ ಬಂದರೆ ಅಡುಗೆ ಮನೆ ರಾತ್ರಿಯೂ ತೆರೆದಿರುತ್ತದೆ. ನಾನು ನನ್ನ ಹೊತ್ತಿಗೆ ಉಂಡು ಏಳುತ್ತೇನೆ, ಅದು ನನ್ನ ನಿಯಮ. ನಿನ್ನ ಮಗುವಿಗೆ ನಿನ್ನ ಹೊತ್ತು. ಎರಡು ಗಂಟೆ ಬೇಕಾದರೆ ಎರಡು ಗಂಟೆ. ಕುಸುಮಳಿಗೆ ಪುಂಡಿಯ ವಿಷಯ ನಿನ್ನೆ ಹೇಳಿದೆ. ಇನ್ನು ಊರಿಗೆಲ್ಲ ಗೊತ್ತಾಗುತ್ತದೆ, ಆಗಲಿ. ಉಸ್ಮಾನನಿಗೂ ಹೇಳಿದೆ. "ಹಾಗೆ ಹೇಳ್ಬೇಡಿ ಅಮ್ಮ" ಅಂತ ನೆಲ ನೋಡಿದ.

ಇನ್ನೊಂದು. ಈ ಚಾತುರ್ಮಾಸದಲ್ಲಿ ಬೆಲ್ಲ, ಮೊಸರು, ಉಪ್ಪು ಅಂತ ಬಿಟ್ಟೆ. ಬಿಟ್ಟರೆ ನೋವಾಗದ್ದನ್ನೇ ಬಿಟ್ಟದ್ದು. ಇಂದು ಬೇರೆ ಬಿಟ್ಟಿದ್ದೇನೆ. ನನ್ನ ಕೈಯಿಂದ ಅವಳಿಗೆ ಉಣ್ಣಿಸುವುದು. ಹತ್ತಿರವೂ ಕೂರುವುದಿಲ್ಲ. ನೀನು ಕರೆದು ಚಮಚ ಕೈಗೆ ಕೊಟ್ಟರೆ ಮಾತ್ರ. ಕೊಡಬೇಕು ಅಂತ ಹೇಳುವುದಿಲ್ಲ. ಈ ಜನ್ಮದಲ್ಲಿ ಕೊಡದಿದ್ದರೂ ಸರಿ.

ಬರುತ್ತೀಯೋ ಇಲ್ಲವೋ, ಅಷ್ಟು ಹೇಳು. ಇಲ್ಲ ಅಂದರೆ ಇಲ್ಲ ಅಂತಲೇ ಹೇಳು. ಬೈಯುವುದಿದ್ದರೆ ಬೈ, ನಾನು ನಿನಗೆ ಬೈದಷ್ಟು ಬೈಯಲಿಕ್ಕೆ ನಿನಗೆ ಎರಡು ವರ್ಷ ಬೇಕು. ಸುಮ್ಮನೆ ಮಾತ್ರ ಇರಬೇಡ ಮಾರಾಯ್ತಿ. ಸುಮ್ಮನಿದ್ದು ನೋಡಿದವಳು ನಾನು. ಅಕ್ಟೋಬರ್ ಹುಟ್ಟುವ ಮೊದಲು ಉತ್ತರ ಕೊಡು. ತ್ರಿಶಾಳ ಬಾಯಲ್ಲಿ ಹೇಳಿಸಿದರೂ ಆದೀತು, ಅವಳ ಉಸಿರು ಕೇಳಿಸುವಷ್ಟು ಹತ್ತಿರ ಮೊಬೈಲ್ ಹಿಡಿದು, ಒಂದೇ ಒಂದು ಸಲ —